ಅಪಘಾತದ ವಕೀಲರು

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ವಕೀಲರ ಕಪಾಟುಗಳಲ್ಲಿ ಬಹುಕಾಲ ತುಂಬಿಕೊಂಡಿದ್ದವು ಹೊಲದ ಬದು, ದತ್ತಕ, ವಾಟಣಿಗಳ ಕಾಗದಗಳು. ವಾಹನಕ್ಕೆ ಸಿಕ್ಕು ಕಾಲು ಕಳೆದುಕೊಂಡವನು ದೈವವನ್ನು ಬೈದು ಸುಮ್ಮನಾಗುತ್ತಿದ್ದನೇ ಹೊರತು ದಾವೆ ಹೂಡುತ್ತಿದ್ದುದು ಅಪರೂಪ. ದಿವಾಣಿ ದಾವೆಯ ಖರ್ಚು ತಡೆಯುವ ಶಕ್ತಿ ಅವನಿಗೆಲ್ಲಿಂದ ಬರಬೇಕು? 1939ರ ಮೋಟಾರು ವಾಹನ ಕಾಯಿದೆಗೆ 1956ರಲ್ಲಿ ತಿದ್ದುಪಡಿಯಾಗಿ, ಪರಿಹಾರಕ್ಕೆಂದೇ ನ್ಯಾಯಮಂಡಳಿಗಳನ್ನು ರಚಿಸಲು ಅವಕಾಶವಾದ ಮೇಲೆ ಈ ಬಗೆಯ ವಕೀಲಿಗೆ ನೆಲೆ ದೊರೆಯಿತು. ಈಗ ಜಾರಿಯಲ್ಲಿರುವುದು 1988ರ ಕಾಯಿದೆ.

ಈ ಭಾಗದ ತರುಣರು ಕಾನೂನು ಕಲಿಯುವ ಸಂಸ್ಥೆಗಳಲ್ಲಿ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯ ಹಳೆಯದು. ಕಾಕತಾಳೀಯವೆಂಬಂತೆ ಅದೂ ಆರಂಭವಾದದ್ದು 1939ರಲ್ಲಿಯೇ. ಅಲ್ಲಿ ಓದಿ, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು, ಮೃತನ ಅಣ್ಣತಮ್ಮಂದಿರಿಗೂ ಪರಿಹಾರ ಕೇಳುವ ಹಕ್ಕುಂಟೆಂದು 1987ರ ತೀರ್ಪೊಂದರಲ್ಲಿ ಎತ್ತಿಹಿಡಿದರು. ನಮ್ಮ ಮನೆತನಗಳ ರೀತಿಯನ್ನು ಬಲ್ಲವರ ತೀರ್ಪು ಅದು.

ಪದವಿ, ಸನ್ನದು, ಹಿರಿಯರೊಬ್ಬರ ಕೈಕೆಳಗೆ ಕೆಲವು ವರ್ಷಗಳ ಅಭ್ಯಾಸ, ಇಷ್ಟರಿಂದಲೇ ಇಂಥ ವಕೀಲ ಸಿದ್ಧನಾಗುವುದಿಲ್ಲ. ಅವನಿಗೆ ಒಕ್ಕಲುತನ ಗೊತ್ತಿರಬೇಕು, ಮಗ್ಗ ಗೊತ್ತಿರಬೇಕು. ರಾಮದುರ್ಗದ ನೇಕಾರನೊಬ್ಬನ ಬಲಗೈ ಊನವಾಯಿತೆನ್ನಿ. ವಯಸ್ಸು 38, ತಿಂಗಳ ಗಳಿಕೆ 10,000 ರೂಪಾಯಿ. ಇಡೀ ದೇಹಕ್ಕೆ ನೂರಕ್ಕೆ 20ರಷ್ಟು ಊನವೆಂದು ವೈದ್ಯರ ಪ್ರಮಾಣಪತ್ರ. 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಂತೆ ಆ ವಯಸ್ಸಿಗೆ ಗುಣಕ 15. ದುಡಿಮೆ ಪೂರ್ಣ ನಿಂತರೆ ಲೆಕ್ಕ 18 ಲಕ್ಷ. ಪ್ರಮಾಣಪತ್ರವನ್ನೇ ನಂಬಿದರೆ 3,60,000. ಆದರೆ ಮಗ್ಗಕ್ಕೆ ಕೂಡಲಾರದ ನೇಕಾರನ ಗಳಿಕೆ ಐದರಲ್ಲೊಂದು ಪಾಲು ಮಾತ್ರ ಕುಗ್ಗೀತೇ? ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ 2010ರ ರಾಜಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆ ತೀರ್ಪನ್ನು ಉದ್ಧರಿಸುವುದು ಸುಲಭ. ಆ ಕೈ ಮಗ್ಗದಲ್ಲಿ ಏನೇನು ಮಾಡುತ್ತಿತ್ತೆಂಬುದನ್ನು ಸಾಕ್ಷಿಯ ಬಾಯಿಂದಲೇ, ನ್ಯಾಯಾಧೀಶರ ಕಣ್ಣಿಗೆ ಕಟ್ಟುವಂತೆ ಹೇಳಿಸುವುದು ಕಷ್ಟ. ಪಗಾರದ ಚೀಟಿಯನ್ನೇ ಕಾಣದವನ ಗಳಿಕೆಯನ್ನು ರುಜುವಾತುಪಡಿಸುವುದು ಇನ್ನೂ ಕಷ್ಟ.

ಇದಕ್ಕಿಂತ ತೊಡಕಿನ ಸಂಗತಿಯೊಂದಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಂದು ಚಕ್ಕಡಿಗಳ ಜೊತೆಗೆ ಟ್ರ್ಯಾಕ್ಟರುಗಳೂ ಹೊರಡುತ್ತವೆ; ಟ್ರೇಲರಿನ ತುಂಬ ಮಕ್ಕಳು, ಮುದುಕರು. ಅದು ಮಗುಚಿದರೆ? ಸರಕಿನ ವಾಹನದಲ್ಲಿ ಪುಕ್ಕಟೆ ಪ್ರಯಾಣ ಮಾಡಿದವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು 2002ರ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲಿ ಎಂದು 2004ರ ಬಲ್ಜಿತ್ ಕೌರ್ ಪ್ರಕರಣದಲ್ಲಿ ಆದೇಶವಾಯಿತು. ಆದರೆ ಆ ಮಾಲೀಕನಾರು? ಹಲವೊಮ್ಮೆ ಗಾಯಾಳುವಿನ ನೆರೆಯವನು ಅಥವಾ ಬೀಗ. ದೇವರ ಕಾರ್ಯವೆಂದು ಬಾಡಿಗೆ ಮುಟ್ಟದೆ ಕರೆದೊಯ್ದವನು. ಅವನ ಹೊಲವೇ ಹರಾಜಿಗೆ ಬಂದೀತೆಂದು ತಿಳಿದೂ ಅವನನ್ನು ಪ್ರತಿವಾದಿಯಾಗಿ ಹೆಸರಿಸಬೇಕು. ಈ ಮಾತನ್ನು ಅರ್ಜಿ ಹಾಕುವ ಮೊದಲೇ ಕಕ್ಷಿಗಾರನಿಗೆ ಬಿಡಿಸಿ ಹೇಳುವ ವಕೀಲನನ್ನು ನಾನು ಒಳ್ಳೆಯ ವಕೀಲನೆನ್ನುತ್ತೇನೆ.

ಅಮೇರಿಕೆಯಲ್ಲಿ ಇಂಥ ವಕೀಲರು ಬಂದ ಹಣದಲ್ಲಿ ಪಾಲು ಪಡೆಯುವುದು ರೂಢಿ. ನಮ್ಮ ವಕೀಲರ ಪರಿಷತ್ತಿನ ನಿಯಮಗಳು ಅದನ್ನು ನಿಷೇಧಿಸಿವೆ.

ಮೇಲ್ಮನವಿಗೆ 2008ರವರೆಗೆ ಬೆಂಗಳೂರೇ ಗತಿ. ಊರುಗೋಲಿನವನಿಗೆ ಅದೆಷ್ಟು ದೂರ! ಆ ವರ್ಷ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದು, 2013ರಲ್ಲಿ ಕಾಯಂ ಆಯಿತು. ಕಿತ್ತೂರಿನಿಂದ ಹೊರಟರೆ ಅದೇ ಹೆದ್ದಾರಿಯಲ್ಲಿ, ಧಾರವಾಡ ಪಟ್ಟಣ ಸೇರುವ ಮೊದಲೇ ಅದರ ಕಟ್ಟಡ ಕಾಣುತ್ತದೆ. ಬೆಳಿಗ್ಗೆ ಹೋದವರು ಸಂಜೆಯ ಬಸ್ಸಿಗೆ ಊರು ಸೇರಬಹುದು.