ವಿಜಾಪುರದ ಪ್ರೇಕ್ಷಣೀಯ ಸ್ಥಳಗಳು

ಆದಿಲಶಾಹಿ ಅರಸರ ರಾಜಧಾನಿಯಾಗಿದ್ದ ವಿಜಾಪುರವನ್ನು ಕಾಣದ ಕನ್ನಡಿಗರು ಅನೇಕರಿದ್ದಾರೆ. ಕಂಡವರಲ್ಲಿಯೂ ಗೋಳಗುಮ್ಮಟವೊಂದನ್ನು ನೋಡಿ, ಅದರೊಳಗೆ ಒಮ್ಮೆ ಕೂಗಿ, ಮುಂದಿನ ರೈಲಿಗೆ ಹಿಂದಿರುಗುವವರು ಕಡಮೆಯಲ್ಲ. ಹದಿನೈದನೆಯ ಶತಮಾನದ ಕೊನೆಯಿಂದ 1686ರಲ್ಲಿ ಔರಂಗಜೇಬನ ವಶವಾಗುವವರೆಗೆ, ಸುಮಾರು ಇನ್ನೂರು ವರ್ಷ, ದಖ್ಖಣದ ಮಹಾನಗರವಾಗಿ ಬಾಳಿದ ಈ ಊರು ಅಷ್ಟು ಬೇಗ ನೋಡಿ ಮುಗಿಸತಕ್ಕದ್ದಲ್ಲ. 2014ರಿಂದ ಇದಕ್ಕೆ ವಿಜಯಪುರವೆಂಬ ಹೆಸರು ಸರಕಾರದಿಂದ ಸ್ಥಿರಪಟ್ಟಿದೆ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಬಯಸುವ ತಾಯ್ತಂದೆಗಳಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಉಪಯೋಗವಾಗಲೆಂದು ಅಲ್ಲಿಯ ಮುಖ್ಯ ಸ್ಥಳಗಳನ್ನು ಇಲ್ಲಿ ವಿವರಿಸುವೆವು.

ಗೋಳಗುಮ್ಮಟಕ್ಕೆ ಬೆಳಗಿನ ಹೊತ್ತಿನಲ್ಲಿಯೇ ಹೋಗುವುದು ಲೇಸು. ಜನಸಂದಣಿಯಾದ ಮೇಲೆ ಅದರ ವೈಶಿಷ್ಟ್ಯವು ಗದ್ದಲದಲ್ಲಿ ಅಡಗಿಹೋಗುವುದು. ಇದು 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿ. ಒಳಗಿನ ಹಜಾರವು ಪ್ರತಿ ಪಕ್ಕಕ್ಕೆ ಸುಮಾರು 135 ಅಡಿಯುಳ್ಳ ಚೌಕ. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಇಷ್ಟು ವಿಶಾಲವಾದ ಹಜಾರದಲ್ಲಿ ಒಂದು ಕಂಬವೂ ಇಲ್ಲ. ಚೌಕದ ಮೇಲೆ ವೃತ್ತವು ನಿಂತ ಬಗೆ ಹೇಗೆಂದು ತಿಳಿಯಬೇಕಾದರೆ ತಲೆಯೆತ್ತಿ ನೋಡಬೇಕು. ಅಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ನಕ್ಷತ್ರಾಕಾರವಾಗಿ ಹೆಣೆದುಕೊಂಡಿವೆ. ಅವು ಮೂಲೆಗಳನ್ನು ಮುಚ್ಚುತ್ತ ಒಳಕ್ಕೆ ಚಾಚಿ ಗುಮ್ಮಟಕ್ಕೆ ದುಂಡಾದ ಪೀಠವನ್ನು ಒದಗಿಸಿವೆ. ಈ ಚಾಚಿನ ಮೇಲೆಯೇ ಗುಮ್ಮಟದ ಬುಡವನ್ನು ಸುತ್ತುವ ಮೊಗಸಾಲೆಯಿದೆ. ಮೂಲೆಯ ಗೋಪುರದ ಮೆಟ್ಟಿಲುಗಳನ್ನೇರಿ ಅಲ್ಲಿಗೆ ಹೋಗಿ, ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಮಾತು ಸ್ಪಷ್ಟವಾಗಿ ಕೇಳುವುದು. ದುಂಡಾದ ಗೋಡೆಯು ಧ್ವನಿಯನ್ನು ಚದುರಗೊಡದೆ ತನ್ನ ಮೈಗುಂಟ ಸಾಗಿಸುವುದೇ ಇದಕ್ಕೆ ಕಾರಣ. ಆದುದರಿಂದ ಇಲ್ಲಿ ಕೂಗುವುದಕ್ಕಿಂತ ಮೆಲ್ಲನೆ ಮಾತನಾಡುವವರೇ ಹೆಚ್ಚನ್ನು ತಿಳಿದು ಬರುವರು.

ಅನಂತರ ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ ಆರಂಭವಾದ ಜುಮ್ಮಾ ಮಸೀದಿಯನ್ನೂ, ಎರಡನೆಯ ಅಲಿಯ ಗೋರಿಯಾಗಬೇಕಾಗಿದ್ದು ಪೂರ್ತಿಯಾಗದೆ ಬರಿಯ ಕಮಾನುಗಳಾಗಿ ಉಳಿದ ಬಾರಾ ಕಮಾನನ್ನೂ ನೋಡಿಕೊಂಡು ಊರಿನ ಪಡುವಣ ಭಾಗಕ್ಕೆ ಸಾಗಬೇಕು. ಅಲ್ಲಿ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಎಂಬ ಫಿರಂಗಿಯಿದೆ. ಇದನ್ನು 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದರು. ಇದರ ಬಾಯಿಯು ಆನೆಯನ್ನು ಕಚ್ಚಿದ ಸಿಂಹದ ಮುಖದಂತಿದೆ; ತೂಕವು ಸುಮಾರು 55 ಟನ್ನು. 1854ರಲ್ಲಿ ಇದನ್ನು ಹರಾಜಿಗಿಟ್ಟು 150 ರೂಪಾಯಿಗೆ ಮಾರಿದ್ದರು. ಮಾರಾಟವು ರದ್ದಾದುದರಿಂದ ಮಾತ್ರ ಅದು ನಮಗೆ ಉಳಿಯಿತು. ಕೋಟೆಯಿಂದಾಚೆಗೆ ಇಬ್ರಾಹಿಮ್ ರೋಜಾ ಇದೆ. ಎರಡನೆಯ ಇಬ್ರಾಹಿಮ್ ಆದಿಲಶಾಹನೂ ರಾಣಿ ತಾಜ್ ಸುಲ್ತಾನಳೂ ಅಲ್ಲಿ ಮಲಗಿದ್ದಾರೆ. ಗೋಳಗುಮ್ಮಟವು ಗಾತ್ರದಿಂದ ಬೆರಗುಗೊಳಿಸಿದರೆ, ಇದು ನಯದಿಂದ ಮನಸ್ಸನ್ನು ಸೆಳೆಯುತ್ತದೆ. ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಲ್ಲಿನ ಕಿಟಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಈ ಅರಸನು ಸಂಗೀತಪ್ರಿಯನು. ದಖ್ಖನಿ ಭಾಷೆಯಲ್ಲಿ ತಾನು ರಚಿಸಿದ ‘ಕಿತಾಬ್-ಎ-ನೌರಸ್’ ಎಂಬ ಗೀತಸಂಗ್ರಹದಲ್ಲಿ ಸರಸ್ವತಿಯನ್ನು ಸ್ತುತಿಸಿದ್ದಾನೆ.

ಇಷ್ಟಕ್ಕೇ ವಿಜಾಪುರವು ಮುಗಿಯಿತೆಂದು ಅನೇಕರು ತಿಳಿಯುವರು. ಆದರೆ ಮಳೆಯು ಅಲ್ಪವಾದ ಈ ಬಯಲುಸೀಮೆಯಲ್ಲಿ ರಾಜಧಾನಿಯ ಜನರು ಏನು ಕುಡಿದರು? ಇದಕ್ಕೆ ಉತ್ತರವು ಬಾವಡಿಗಳಲ್ಲಿಯೂ ಕೆರೆಗಳಲ್ಲಿಯೂ ಇದೆ. 1620ರ ತಾಜ್ ಬಾವಡಿಯು ತಾಜ್ ಸುಲ್ತಾನಳ ಹೆಸರಿನದು. ಎರಡು ಗೋಪುರಗಳ ನಡುವಣ ದೊಡ್ಡ ಕಮಾನನ್ನು ದಾಟಿ ಮೆಟ್ಟಿಲುಗಳನ್ನಿಳಿದರೆ, ಪಕ್ಕಕ್ಕೆ ಸುಮಾರು 223 ಅಡಿಯುಳ್ಳ ಚೌಕವಾದ ಕೊಳ. ಎರಡು ಬದಿಗಳಲ್ಲಿ ದಾರಿಹೋಕರಿಗೆ ತಂಗುವ ಸಾಲೆಗಳು. 1579ರ ಚಾಂದ್ ಬಾವಡಿಯು ಒಂದನೆಯ ಅಲಿಯ ರಾಣಿ ಚಾಂದಬೀಬಿಯ ಹೆಸರಿನದು. ಗಂಡನು 1580ರಲ್ಲಿ ಕೊಲೆಯಾದ ಬಳಿಕ ಬಾಲಕನಾದ ಇಬ್ರಾಹಿಮನ ಪರವಾಗಿ ರಾಜ್ಯಭಾರ ನಡೆಸಿದವಳೂ, 1595-96ರಲ್ಲಿ ಅಕ್ಬರನ ಸೈನ್ಯಕ್ಕೆ ಇದಿರಾಗಿ ಅಹಮದನಗರದ ಕೋಟೆಯನ್ನು ಕಾದವಳೂ ಈ ವೀರರಮಣಿಯೇ. ಊರಿನ ತೆಂಕಣಕ್ಕೆ 1651ರ ಬೇಗಂ ತಲಾಬಿದೆ. ಅದರ ನೀರು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬರುತ್ತಿತ್ತು. ನೀರಿನ ಒತ್ತಡದಿಂದ ಕೊಳವೆಗಳು ಒಡೆಯದಂತೆಯೂ, ರಾಡಿಯು ತಳದಲ್ಲಿ ನಿಲ್ಲುವಂತೆಯೂ, ದಾರಿಯಲ್ಲಿ ‘ಗಂಜ್’ ಎಂಬ ಎತ್ತರವಾದ ನೀರುಗೋಪುರಗಳನ್ನು ಕಟ್ಟಿದ್ದರು. ಇಂದಿಗೂ ಅವುಗಳಲ್ಲಿ ಕೆಲವು ಊರೊಳಗೆ ನಿಂತಿವೆ.

ನಲ್ಲಿಯ ನೀರು ಬಂದ ಮೇಲೆ ಬಾವಡಿಗಳನ್ನು ಜನರು ಮರೆತರು. ಹೂಳೂ ಕಸವೂ ತುಂಬಿ ಅವು ಹಾಳಾದುವು. ಇತ್ತೀಚಿನ ವರ್ಷಗಳಲ್ಲಿ ತಾಜ್ ಬಾವಡಿಯೇ ಮೊದಲಾದ ಕೆಲವನ್ನು ಶುಚಿಮಾಡಿರುವುದು ಸಂತೋಷದ ಸಂಗತಿ. ಗೋರಿಯನ್ನು ಕಾಯಲು ಕಾವಲುಗಾರನಿದ್ದರೆ ಸಾಕು; ನೀರನ್ನು ಕಾಯಲು ಊರೆಲ್ಲವೂ ಬೇಕು. ಆದಕಾರಣ, ತಾಯಂದಿರೇ, ವಿಜಾಪುರಕ್ಕೆ ಹೋದಾಗ ನಿಮ್ಮ ಮಕ್ಕಳಿಗೆ ಗುಮ್ಮಟವನ್ನು ತಪ್ಪದೆ ತೋರಿಸಿರಿ. ಬಳಿಕ ತಾಜ್ ಬಾವಡಿಯ ಮೆಟ್ಟಿಲ ಮೇಲೆ ಅವರನ್ನು ಕುಳ್ಳಿರಿಸಿ, ಲಕ್ಷಾಂತರ ಜನರ ನೀರಡಿಕೆಯನ್ನು ಹಿಂದಿನವರು ಹೇಗೆ ನೀಗಿಸಿದರೆಂಬುದನ್ನೂ ಹೇಳಿರಿ. ಮನೆಯ ನೀರಿನ ಚಿಂತೆಯನ್ನು ಬಲ್ಲ ನೀವು ಹೇಳಿದರೆ ಆ ಪಾಠವು ಅವರ ಮನಸ್ಸಿನಲ್ಲಿ ನಿಲ್ಲುವುದೆಂದು ನಾವು ನಂಬಿದ್ದೇವೆ.