ಹೂ ಬಿಡೋ ಮುಂಚೆ ಕಿತ್ತರೆ ಮಾತ್ರ ಲಾಭ

ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು. ಖಾಲಿ ಸೈಟು, ಚರಂಡಿ ಬದಿ, ಶಾಲೆ ಕಾಂಪೌಂಡಿನ ಅಂಚು ಎಲ್ಲ ಹಸಿರೋ ಹಸಿರು. ಹತ್ತಿರ ಹೋಗಿ ನೋಡಿದರೆ ಸೇವಂತಿಗೆಯಂಥ ಎಲೆಯ ಕಾಂಗ್ರೆಸ್ ಗಿಡ! ‘ಬರೋ ಭಾನುವಾರ ಎಲ್ಲಾ ಸೇರಿ ಕಿತ್ತುಬಿಡೋಣ’ ಅಂತ ಬೀದಿಯವರು ಮಾತಾಡಿಕೊಳ್ಳುವುದು ಯಾವಾಗ ಹೇಳಿ? ಗಿಡ ಎದೆಯೆತ್ತರ ಬೆಳೆದು, ಮೈತುಂಬ ಬಿಳಿ ಹೂ ಹೊತ್ತ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಚೆನ್ನಾಗಿ ಬೆಳೆದ ಒಂದೇ ಗಿಡ 15,000ದಿಂದ 25,000 ಬೀಜ ಉದುರಿಸಬಲ್ಲದು. ಮೊಳೆತ ನಾಲ್ಕಾರು ವಾರಕ್ಕೇ ಹೂ ಶುರು. ಬಲಿತ ಗಿಡವನ್ನು ಕಿತ್ತು ಬೀದಿಯುದ್ದಕ್ಕೂ ಎಳೆದಾಡಿದರೆ ಮುಂದಿನ ಬೆಳೆಗೆ ನಾವೇ ಬಿತ್ತನೆ ಮಾಡಿದ ಹಾಗೆ.

ಅಮೆರಿಕ ಖಂಡದ ಈ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಆಮೇಲೆ ದೇಶವನ್ನೇ ಆವರಿಸಿತು. ಕೆಲವರಿಗೆ ಇದರ ಸೋಂಕಿನಿಂದ ಕಣ್ಣುರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆ ಎದ್ದು ಚರ್ಮ ದಪ್ಪಗಾಗುತ್ತದೆ. ಪರಾಗದಿಂದ ಸೀನು, ಉಬ್ಬಸವೂ ಬರಬಹುದು. ವರ್ಷಗಟ್ಟಲೆ ಮುಟ್ಟಿಯೂ ಏನೂ ಆಗದವರಿಗೆ ಒಂದು ದಿನ ಅಲರ್ಜಿ ಶುರುವಾಗುವುದುಂಟು. ಹಾಗಾಗಿ ‘ನಂಗೇನೂ ಆಗಲ್ಲ’ ಅನ್ನಬೇಡಿ.

ಹಾಗಾದ್ರೆ ಮಾಡೋದೇನು? ಮಳೆ ಬಂದ ಎರಡು ಮೂರು ವಾರದೊಳಗೆ, ಎಲೆಗಳು ಇನ್ನೂ ನೆಲಕ್ಕೆ ಅಂಟಿಕೊಂಡಿರುವಾಗಲೇ ಬೇರುಸಹಿತ ಕೀಳಿ. ಮಣ್ಣು ಹಸಿಯಿದ್ದರೆ ಸಲೀಸಾಗಿ ಬರುತ್ತದೆ. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ. ಮಕ್ಕಳನ್ನೂ ಅಲರ್ಜಿ, ಉಬ್ಬಸ ಇರುವವರನ್ನೂ ಈ ಕೆಲಸಕ್ಕೆ ಕರೆಯಬೇಡಿ. ಒಂದು ಸಲಕ್ಕೆ ಮುಗಿಯೋ ಕೆಲಸವಲ್ಲ. ಉಳಿದ ಬೀಜ ಮತ್ತೆ ಮೊಳೆಯುತ್ತದೆ. ಮೂರು ವಾರ ಬಿಟ್ಟು ಇನ್ನೊಂದು ಸುತ್ತು ಹೋಗಲೇಬೇಕು. ಹೂವಿಲ್ಲದ ಗಿಡವನ್ನು ಸಗಣಿ ನೀರು ಚಿಮುಕಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಏನೂ ಬೆಳೆಯಬೇಕಿಲ್ಲದ ಕಲ್ಲುಸಂದಿಯಲ್ಲಾದರೆ ಲೀಟರ್ ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸಿದರೂ ಸುಡುತ್ತದೆ. ಕೈತೋಟದಲ್ಲಿ ಮಾತ್ರ ಬೇಡ, ಮಣ್ಣು ಕೆಡುತ್ತದೆ.

ಗಿಡದ ಎಲೆ ಜರಡಿಯಂತಾಗಿದ್ದರೆ ಗಮನಿಸಿ: ಕೆನೆಬಣ್ಣದ ಮೈ ಮೇಲೆ ಕಂದು ಗೀರಿರುವ ಪುಟ್ಟ ದುಂಬಿ ಕಾಣಬಹುದು. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮಾ ದುಂಬಿಯಿದು. ಅದನ್ನು ಸಾಯಿಸಬೇಡಿ, ಮಳೆಗಾಲವಿಡೀ ನಮ್ಮ ಪರವಾಗಿ ಮೇಯುತ್ತದೆ. ಆದರೆ ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿಬಿಡುತ್ತದೆ. ಪೂರ್ತಿ ಅದನ್ನೇ ನಂಬಿ ಕೂತರೆ ಆಗದು.

ಕೊನೆಯದಾಗಿ, ಕಿತ್ತ ಜಾಗವನ್ನು ಬರಿದಾಗಿ ಬಿಡಬೇಡಿ. ತಗಚೆ ಬೀಜ ಚೆಲ್ಲಿ. ಒತ್ತಾಗಿ ಬೆಳೆದು ಕಾಂಗ್ರೆಸ್ ಗಿಡಕ್ಕೆ ತಲೆಯೆತ್ತಲು ಬಿಡುವುದಿಲ್ಲ. ಕರಾವಳಿ ಕಡೆ ಇದರ ಎಳೆ ಸೊಪ್ಪಿನ ಪಲ್ಯವನ್ನೂ ಮಾಡುತ್ತಾರೆ! ನಿಮ್ಮ ಬೀದಿಯಲ್ಲಿ ಯಾವ ಉಪಾಯ ಫಲಿಸಿತು? ನಮಗೂ ಬರೆದು ತಿಳಿಸಿ.