ಹೊಲಿಗೆ ಬಿಚ್ಚಿದ ಮೇಲಿನ ಚಿಕಿತ್ಸೆ

ಯಕೃತ್ತಿನ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಾಗಿ ಹೊಲಿಗೆ ಬಿಚ್ಚಿದೊಡನೆ, 'ಇನ್ನು ಭಯವಿಲ್ಲ' ಎಂದು ಊರಿನ ಬಸ್ಸು ಹತ್ತಬೇಕೆನಿಸುವುದು ಸಹಜ. ರಜೆ ಮುಗಿದಿರುತ್ತದೆ, ಸಂಬಳ ನಿಂತಿರುತ್ತದೆ, ಕೈಸಾಲ ಬೆಳೆದಿರುತ್ತದೆ. ಆದರೆ ಚಿಕಿತ್ಸೆಯ ಅರ್ಧಭಾಗ ಇನ್ನೂ ಬಾಕಿ ಇರುತ್ತದೆಂಬುದನ್ನು ನಮ್ಮ ಓದುಗ ಬಂಧುಗಳು ಅರಿಯಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಬಲಪಕ್ಕೆಯ ಕೆಳಗಿರುವ ಯಕೃತ್ತಿಗೆ ಒಂದು ವಿಶೇಷ ಶಕ್ತಿಯುಂಟು. ಅದರ ಒಂದು ಭಾಗವನ್ನು ತೆಗೆದರೂ, ಉಳಿದುದು ಆರೋಗ್ಯವಾಗಿದ್ದರೆ ಮತ್ತೆ ಬೆಳೆಯುತ್ತದೆ. ಆದರೆ ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಗಡ್ಡೆ ಹುಟ್ಟುವ ಮೊದಲೇ ಹೆಪಟೈಟಿಸ್ ಬಿ ಅಥವಾ ಸಿ ವೈರಸಿನಿಂದಲೋ, ಮದ್ಯದಿಂದಲೋ, ಯಕೃತ್ತಿನಲ್ಲಿ ಕೊಬ್ಬು ತುಂಬಿದುದರಿಂದಲೋ ಆ ಅಂಗ ಕೆಟ್ಟಿರುತ್ತದೆ. ಕಳೆ ಕಿತ್ತರೂ ಬೀಜ ಗದ್ದೆಯಲ್ಲಿಯೇ ಉಳಿದಂತೆ! ಗಡ್ಡೆ ತೆಗೆಸಿಕೊಂಡವರಲ್ಲಿ 5 ವರ್ಷಗಳೊಳಗೆ ನೂರಕ್ಕೆ 70ರಷ್ಟು ಮಂದಿಗೆ ರೋಗ ಮರಳಬಹುದು.

ಮರಳದಂತೆ ತಡೆಯುವ ಮದ್ದಿಲ್ಲವೇ? ಸೊರಾಫೆನಿಬ್ ಎಂಬ ಗುಳಿಗೆಯನ್ನು ಸಾವಿರಕ್ಕೂ ಮಿಕ್ಕಿದ ರೋಗಿಗಳಲ್ಲಿ ಪರೀಕ್ಷಿಸಲಾಯಿತು; ಪ್ರಯೋಜನವಾಗಲಿಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಬಳಿಕ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಎಂಬ ಎರಡು ಮದ್ದುಗಳನ್ನು ಕೂಡಿಸಿ ರಕ್ತನಾಳದ ಮೂಲಕ ಕೊಟ್ಟು ನೋಡಿದರು. 2023ರ ವರದಿಯಂತೆ, ಒಂದು ವರ್ಷದ ಕೊನೆಗೆ ರೋಗ ಮರಳದೆ ಉಳಿದವರು ಮದ್ದು ಪಡೆದವರಲ್ಲಿ ನೂರಕ್ಕೆ 78, ಪಡೆಯದವರಲ್ಲಿ 65. ಆಶೆ ಚಿಗುರಿತು. ಆದರೆ ಇನ್ನಷ್ಟು ಕಾಲ ಗಮನಿಸಿದಾಗ ಆ ಲಾಭ ನಿಲ್ಲಲಿಲ್ಲವೆಂದು 2024ರಲ್ಲಿ ತಿಳಿದುಬಂತು. ಆದುದರಿಂದ ದುಬಾರಿ ಮದ್ದಿಗಾಗಿ ಊರಿನ ಜಮೀನನ್ನು ಅಡವಿಡುವ ಮುನ್ನ, ಅದರಿಂದ ತಮಗಾಗುವ ಲಾಭವೆಷ್ಟೆಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಆಡಂಬರವಿಲ್ಲದ ಎರಡು ಕಾರ್ಯಗಳು ಮಾತ್ರ ಫಲ ಕೊಡುತ್ತವೆ. ಮೊದಲನೆಯದು ಮೂಲಕ್ಕೆ ಮದ್ದು. ಹೆಪಟೈಟಿಸ್ ಬಿ ಇದ್ದವರು ಟೆನೊಫೊವಿರ್ ಅಥವಾ ಎಂಟೆಕಾವಿರ್ ಗುಳಿಗೆಯನ್ನು ವೈದ್ಯರು ಹೇಳಿದಷ್ಟು ಕಾಲ ದಿನವೂ ಸೇವಿಸಿದರೆ ರೋಗ ಮರಳುವ ಸಂಭವ ತಗ್ಗುತ್ತದೆ. ಮದ್ಯ ಸಂಪೂರ್ಣ ವರ್ಜ್ಯ. ಎರಡನೆಯದು ತಪ್ಪದ ತಪಾಸಣೆ. ಮೊದಲ 2 ವರ್ಷ ಸಾಮಾನ್ಯವಾಗಿ 3-4 ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ಎ.ಎಫ್.ಪಿ. ಎಂಬ ರಕ್ತಪರೀಕ್ಷೆ ಆಗಬೇಕು. ಗಡ್ಡೆ ಸಣ್ಣದಿರುವಾಗಲೇ ಕಂಡುಬಂದರೆ ಮತ್ತೆ ಶಸ್ತ್ರಕ್ರಿಯೆ, ಸೂಜಿಯ ಮೂಲಕ ಶಾಖ ಕೊಟ್ಟು ಸುಡುವುದು, ಕೆಲವರಿಗೆ ಯಕೃತ್ತಿನ ಕಸಿ, ಹೀಗೆ ದಾರಿಗಳುಂಟು. ನೋವು ಬಂದ ಮೇಲೆ ಹೋಗೋಣವೆಂದರೆ ಹೊತ್ತು ಮೀರಿರುತ್ತದೆ.

ಊರಿಗೆ ಹೋಗುವವರು ಶಸ್ತ್ರಕ್ರಿಯೆಯ ವರದಿ, ಸ್ಕ್ಯಾನ್ ಚಿತ್ರಗಳನ್ನು ಜೋಪಾನವಾಗಿ ಒಯ್ಯಲಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ತೊಡಗಿದ ಚಿಕಿತ್ಸೆಯನ್ನು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಮುಂದುವರಿಸಬೇಕಾದರೆ ವೈದ್ಯರಿಗೆ ಆ ಕಾಗದಗಳೇ ಆಧಾರ.

ಕೊನೆಯದಾಗಿ ಹೋಟೆಲು ಮಾಲಿಕರಲ್ಲಿ ನಮ್ಮ ವಿನಂತಿ. ಹೆಪಟೈಟಿಸ್ ಬಿ ಮತ್ತು ಸಿ ಅನ್ನದಿಂದಾಗಲಿ, ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದಾಗಲಿ ಹರಡುವುದಿಲ್ಲ. ಆ ಹೆದರಿಕೆಯಿಂದ ಯಾರನ್ನೂ ಕೆಲಸದಿಂದ ಬಿಡಿಸಬೇಡಿ. ತಪಾಸಣೆಯ ದಿನ ಸಂಬಳ ಕಡಿಯದೆ ರಜೆ ಕೊಡಿ. ನಿಮ್ಮ ಗಲ್ಲಾ ಅದರಿಂದ ಬರಿದಾಗದು. ಒಂದು ಸಂಸಾರ ಉಳಿದೀತು.